ನೀರಿಗೊಂದು ದಾರಿ ಬಿಡಿ

ಕೊರೆವ ಚಳಿಗೆ ಮನೆಯ ಪೈಪು ಒಡೆಯುವುದು ಏಕೆ? ಒಡೆಯದಂತೆ ಮೊದಲೇ ಮಾಡಿಕೊಳ್ಳಬೇಕಾದ ತಯಾರಿ ಏನು? ಟೆಕ್ಸಸ್‌ನ ಅಟ್ಟದಿಂದ ಹೊಕ್ಕೈಡೋದ ನೆಲದಡಿಯವರೆಗೆ ಒಂದು ಸುತ್ತು.

2021ರ ಫೆಬ್ರುವರಿ 16ರಂದು ಅಮೆರಿಕದ ಡಾಲಸ್ ವಿಮಾನ ನಿಲ್ದಾಣದಲ್ಲಿ ಉಷ್ಣಾಂಶ ಸೊನ್ನೆಗಿಂತ 19 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿತ್ತು. ಬೇಸಿಗೆಯಲ್ಲಿ 40 ಡಿಗ್ರಿ ಬಿಸಿಲು ಕಾಯುವ ಊರು ಅದು. ಇದ್ದಬದ್ದ ಕಂಬಳಿ ಹೊದ್ದು, ಒಂದರ ಮೇಲೊಂದು ಸ್ವೆಟರ್ ಏರಿಸಿಕೊಂಡು ಜನ ಹೇಗೋ ರಾತ್ರಿ ಕಳೆದರು. ಚಳಿ ಒಂದಿಷ್ಟು ಸಡಿಲಿ ಬಿಸಿಲು ಕಂಡಾಗ ಬದುಕಿದೆವು ಎಂದುಕೊಂಡರು. ಆಗ ಮನೆಯ ಒಳಗೇ ಮಳೆ ಶುರುವಾಯಿತು. ಅಟ್ಟದಲ್ಲಿ ಹಾದುಹೋಗಿದ್ದ ಪೈಪುಗಳಿಂದ ನೀರು ಚಿಮ್ಮಿ, ಕೆಳಗಿನ ಜಿಪ್ಸಂ ಹಲಗೆಗಳು ನೆನೆದು, ತೂಕ ತಾಳಲಾರದೆ ಕುಸಿದವು. ಹಾಸಿಗೆ, ಸೋಫಾ, ಕಾರ್ಪೆಟ್ಟು ಎಲ್ಲದರ ಮೇಲೂ ನೆನೆದ ಸುಣ್ಣದ ರಾಡಿ.

ಆ ವಾರ ಟೆಕ್ಸಸ್ ರಾಜ್ಯದಲ್ಲಿ 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಹೋಗಿತ್ತು. ಒಂದು ಕೋಟಿಗೂ ಹೆಚ್ಚು ಜನ ನಲ್ಲಿ ನೀರನ್ನು ಕುದಿಸದೆ ಕುಡಿಯಬಾರದೆಂಬ ಎಚ್ಚರಿಕೆಯಲ್ಲಿ ದಿನ ಕಳೆದರು. ರಾಜ್ಯದ ಆರೋಗ್ಯ ಇಲಾಖೆಯ ಲೆಕ್ಕದಲ್ಲೇ ಸತ್ತವರು 246 ಮಂದಿ. ಪ್ಲಂಬರುಗಳಿಗೆ ಎಷ್ಟು ಬೇಡಿಕೆ ಬಂತೆಂದರೆ, ಪರವಾನಗಿಯ ನಿಯಮಗಳನ್ನೇ ಸರ್ಕಾರ ತಾತ್ಕಾಲಿಕವಾಗಿ ಸಡಿಲಿಸಬೇಕಾಯಿತು. ಡಾಲಸ್, ಆಸ್ಟಿನ್, ಹ್ಯೂಸ್ಟನ್‌ಗಳಲ್ಲಿ ಕನ್ನಡಿಗರ ಮನೆಗಳೂ ಬೇಕಾದಷ್ಟಿವೆ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ 'ಅಕ್ಕ'ದ 2018ರ ವಿಶ್ವ ಕನ್ನಡ ಸಮ್ಮೇಳನ ನಡೆದದ್ದು ಇದೇ ಡಾಲಸ್‌ನಲ್ಲಿ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರಿಗೆ ಪೈಪು ಒಡೆಯುವುದೆಂದರೆ ರಸ್ತೆ ಅಗೆಯುವವರ ಕೆಲಸ. ಚಳಿಗೂ ಪೈಪಿಗೂ ಸಂಬಂಧ ಇದೆಯೆಂಬುದೇ ಅವರಿಗೆ ಹೊಸ ಪಾಠ.

ಅದೇ ಚಳಿ ಅಮೆರಿಕದ ಉತ್ತರ ಅಂಚಿನ ಮಿನ್ನೆಸೋಟ ರಾಜ್ಯದಲ್ಲಿ ಪ್ರತಿ ವರ್ಷವೂ ಬಂದುಹೋಗುತ್ತದೆ. ಮೈನಸ್ 20 ಡಿಗ್ರಿ ಅಲ್ಲಿ ಸುದ್ದಿಯೇ ಅಲ್ಲ. ಅಲ್ಲಿನ ಪೈಪುಗಳು ಟೆಕ್ಸಸ್‌ನವಕ್ಕಿಂತ ಗಟ್ಟಿ ಲೋಹದವೇನಲ್ಲ. ಹಾಗಿದ್ದರೆ ವ್ಯತ್ಯಾಸ ಎಲ್ಲಿದೆ?

ಗಡ್ಡೆ ಒಂದು ಕಡೆ, ಬಿರುಕು ಇನ್ನೊಂದು ಕಡೆ

ನೀರಿನ ಸ್ವಭಾವ ವಿಚಿತ್ರ. ತಣ್ಣಗಾಗುತ್ತಾ ಕುಗ್ಗುವ ನೀರು 4 ಡಿಗ್ರಿಗೆ ಬಂದಾಗ ಅತಿ ಸಾಂದ್ರವಾಗಿರುತ್ತದೆ. ಅಲ್ಲಿಂದ ಕೆಳಕ್ಕೆ ಮತ್ತೆ ಹಿಗ್ಗತೊಡಗುತ್ತದೆ. ಹೆಪ್ಪುಗಟ್ಟುವಾಗ ಅದರ ಅಣುಗಳು ಆರು ಮೂಲೆಯ ಜಾಲರಿಯಾಗಿ ಹೆಣೆದುಕೊಂಡು ನಡುವೆ ಖಾಲಿ ಜಾಗ ಬಿಟ್ಟುಕೊಳ್ಳುವುದರಿಂದ ಗಾತ್ರ ಸುಮಾರು ಶೇ 9ರಷ್ಟು ಹೆಚ್ಚುತ್ತದೆ. ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲೇ ಇರುವ ವಿಷಯ ಇದು. ಇದನ್ನು ಓದಿದವರು ಸಾಮಾನ್ಯವಾಗಿ ಒಂದು ತೀರ್ಮಾನಕ್ಕೆ ಬರುತ್ತಾರೆ: ಪೈಪಿನೊಳಗೆ ಮಂಜುಗಡ್ಡೆ ಹಿಗ್ಗುತ್ತದೆ, ಗೋಡೆಯನ್ನು ಒತ್ತುತ್ತದೆ, ಪೈಪು ಒಡೆಯುತ್ತದೆ.

1990ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಕಟ್ಟಡ ಸಂಶೋಧನಾ ಮಂಡಳಿಯ ಜೆಫ್ರಿ ಗಾರ್ಡನ್ ಪೈಪುಗಳನ್ನು ಬೇಕೆಂದೇ ಹೆಪ್ಪುಗಟ್ಟಿಸಿ, ಒಳಗಿನ ಒತ್ತಡ ಅಳೆಯುತ್ತಾ ಕೂತರು. ಅವರಿಗೆ ಕಂಡದ್ದು ಬೇರೆ. ಗಡ್ಡೆ ಪೈಪಿನ ಒಂದು ಭಾಗದಲ್ಲಿ ಕಟ್ಟಿಕೊಂಡು ಬಿರಡೆಯಾಗುತ್ತದೆ. ಆಮೇಲೆ ಪೈಪಿನ ಉದ್ದಕ್ಕೆ ಬೆಳೆಯುತ್ತಾ, ಇನ್ನೂ ದ್ರವವಾಗಿಯೇ ಇರುವ ನೀರನ್ನು ಎರಡೂ ಕಡೆಗೆ ತಳ್ಳುತ್ತದೆ. ಬೀದಿಯ ಕಡೆಗಿನ ನೀರು ಬಂದ ದಾರಿಯಲ್ಲೇ ಹಿಂದೆ ಸರಿಯಬಹುದು. ನಲ್ಲಿಯ ಕಡೆಗಿನ ನೀರಿಗೆ ಆ ಅವಕಾಶ ಇಲ್ಲ. ಮುಂದೆ ಬಿಗಿಯಾಗಿ ಮುಚ್ಚಿದ ನಲ್ಲಿ, ಹಿಂದೆ ಬೆಳೆಯುತ್ತಿರುವ ಗಡ್ಡೆ. ನೀರನ್ನು ಒತ್ತಿ ಕುಗ್ಗಿಸುವುದು ಬಲು ಕಷ್ಟವಾದ್ದರಿಂದ ಒತ್ತಡ ಸರ್ರನೆ ಏರುತ್ತದೆ. ನಲ್ಲಿ ನೀರಿನ ಮಾಮೂಲಿ ಒತ್ತಡ ವಾತಾವರಣದ ಒತ್ತಡದ ಮೂರ್ನಾಲ್ಕು ಪಟ್ಟು ಇರುತ್ತದೆ. ಪೂರ್ತಿ ಬಂಧಿಯಾದ ನೀರು ಮೈನಸ್ 22 ಡಿಗ್ರಿಯಲ್ಲಿ ಹೆಪ್ಪುಗಟ್ಟಲು ಹೊರಟರೆ ತಾತ್ವಿಕವಾಗಿ ಒತ್ತಡ ವಾತಾವರಣದ 2,000 ಪಟ್ಟಿನವರೆಗೂ ಹೋಗಬಲ್ಲದು. ಮನೆಯ ಯಾವ ಪೈಪೂ ಅಷ್ಟನ್ನು ತಡೆಯುವುದಿಲ್ಲ. ಎಲ್ಲಿ ದುರ್ಬಲವೋ ಅಲ್ಲಿ, ಅಂದರೆ ಗಡ್ಡೆಯಿಂದ ಎಷ್ಟೋ ಅಡಿ ದೂರದಲ್ಲಿ, ಬೆಚ್ಚನೆಯ ಗೋಡೆಯೊಳಗೂ ಪೈಪು ಬಾಯಿಬಿಡಬಹುದು. ತಾಮ್ರದ ಪೈಪಾದರೆ ಬಲಿತ ಅವರೆಕಾಯಿ ಬಿರಿದ ಹಾಗೆ ಉದ್ದಕ್ಕೆ ಸೀಳುತ್ತದೆ. ಸಿಪಿವಿಸಿ ಪ್ಲಾಸ್ಟಿಕ್ ಪೈಪು ಚಳಿಗೆ ಪೆಡಸಾಗಿ ಚೂರಾಗುತ್ತದೆ. ಈಚಿನ ಮನೆಗಳಲ್ಲಿರುವ ಪೆಕ್ಸ್ ಎಂಬ ಬಾಗುವ ಪ್ಲಾಸ್ಟಿಕ್ ಪೈಪು ಒಂದಿಷ್ಟು ಹಿಗ್ಗಿ ತಡೆದುಕೊಳ್ಳುತ್ತದೆ, ಆದರೆ ಅದರ ಜಾಯಿಂಟುಗಳು ತಡೆದುಕೊಳ್ಳುವುದಿಲ್ಲ.

ಬಿರುಕು ಬಿಟ್ಟ ಗಳಿಗೆಯಲ್ಲಿ ಏನೂ ಗೊತ್ತಾಗದಿರಲೂಬಹುದು, ಏಕೆಂದರೆ ಗಡ್ಡೆ ಇನ್ನೂ ಬಿರಡೆಯಾಗಿ ನಿಂತಿರುತ್ತದೆ. ಅದು ಕರಗಿದಾಗ ಬೀದಿಯ ನೀರು ಒಡೆದ ಜಾಗದಿಂದ ನುಗ್ಗುತ್ತದೆ. ಡಾಲಸ್‌ನ ಸೂರುಗಳು ಬಿಸಿಲು ಬಂದ ಮೇಲೆ ಕುಸಿದದ್ದು ಇದಕ್ಕೇ. ಉತ್ತರ ಐರ್ಲೆಂಡ್ ಇದೇ ಪಾಡು ಪಟ್ಟದ್ದು 2010ರ ಕ್ರಿಸ್‌ಮಸ್ ವೇಳೆಗೆ. ಡಿಸೆಂಬರ್ 23ರಂದು ಕಾಸಲ್‌ಡರ್ಗ್ ಎಂಬಲ್ಲಿ ಮೈನಸ್ 18.7 ಡಿಗ್ರಿ ದಾಖಲಾಗಿತ್ತು. ಹಬ್ಬ ಮುಗಿದು ಹಿಮ ಕರಗಿದಾಗ ಮನೆ, ಕಚೇರಿ, ಬೀದಿಗಳ ಪೈಪುಗಳೆಲ್ಲ ಒಟ್ಟಿಗೆ ಸೋರಿ, ಜಲಾಶಯಗಳಲ್ಲಿ ಶೇಖರಿಸಿದ್ದ ನೀರು ಬಸಿದುಹೋಯಿತು. ಸಾವಿರಾರು ಮನೆಗಳಿಗೆ ದಿನಗಟ್ಟಲೆ ನೀರಿಲ್ಲ. ಕೊನೆಗೆ ಅಲ್ಲಿನ ಜಲಮಂಡಳಿಯ ಮುಖ್ಯಸ್ಥರು ರಾಜೀನಾಮೆ ಕೊಟ್ಟರು.

ಮನೆ ನಂಬಿದ ಹವೆ

ಯಾವ ಮನೆಯೇ ಆಗಲಿ, ಕಟ್ಟಿದವನು ಯಾವ ಹವೆಯನ್ನು ನಂಬಿ ಕಟ್ಟಿದ ಎಂಬುದನ್ನು ಅದರ ಪೈಪುಗಳೇ ಹೇಳುತ್ತವೆ. ಬೆಂಗಳೂರಿನಲ್ಲಿ ದಾಖಲಾದ ಕನಿಷ್ಠ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಹಾಗಾಗಿ ನಮ್ಮ ಟ್ಯಾಂಕು ತಾರಸಿಯ ಮೇಲೆ ಬಟಾಬಯಲಲ್ಲಿ ನಿಂತಿರುತ್ತದೆ. ಪೈಪುಗಳು ಹೊರಗೋಡೆಗೆ ಕ್ಲಾಂಪು ಹೊಡೆಸಿಕೊಂಡು ಇಳಿದಿರುತ್ತವೆ. ರಿಪೇರಿಗೆ ಅದೇ ಅನುಕೂಲ. ಈ ಮನೆಯನ್ನು ಹಾಗೇ ಎತ್ತಿ ಮಿನ್ನೆಸೋಟದ ಮಿನ್ನಿಯಾಪೊಲಿಸ್‌ನಲ್ಲಿ ಇಟ್ಟರೆ ಡಿಸೆಂಬರ್ ಮುಗಿಯುವಷ್ಟರಲ್ಲಿ ಒಂದು ಪೈಪೂ ಉಳಿಯದು.

ಮಿನ್ನೆಸೋಟದ ನಗರಗಳಲ್ಲಿ ಬೀದಿಯ ನೀರಿನ ಕೊಳವೆಗಳನ್ನು ಏಳೆಂಟು ಅಡಿ ಆಳಕ್ಕೆ ಹೂಳುತ್ತಾರೆ. ಚಳಿಗಾಲದಲ್ಲಿ ಮಣ್ಣು ಮೇಲಿನಿಂದ ಹೆಪ್ಪುಗಟ್ಟುತ್ತಾ ಬರುತ್ತದಲ್ಲ, ಅದು ಮುಟ್ಟಲಾರದ ಆಳ ಅದು. ಅಲ್ಲಿಂದ ಪೈಪು ಸೀದಾ ನೆಲಮಾಳಿಗೆಗೆ ಬರುತ್ತದೆ. ಮೀಟರು, ಮೇನ್ ವಾಲ್ವು, ನೀರು ಕಾಯಿಸುವ ಟ್ಯಾಂಕು ಎಲ್ಲ ಅಲ್ಲೇ, ಮನೆ ಬೆಚ್ಚಗಿಡುವ ಫರ್ನೇಸಿನ ಪಕ್ಕದಲ್ಲಿ. ಮೇಲಿನ ಕೋಣೆಗಳಿಗೆ ನೀರು ಹತ್ತುವುದು ಒಳಗೋಡೆಗಳ ಮೂಲಕ. ತೋಟದ ನಲ್ಲಿಯ ಹಿಡಿಕೆ ಹೊರಗಿದ್ದರೂ ನೀರು ತಡೆಯುವ ವಾಲ್ವು ಗೋಡೆಯಿಂದ ಅಡಿಯಷ್ಟು ಒಳಕ್ಕೆ, ಬೆಚ್ಚನೆಯ ಜಾಗದಲ್ಲಿರುತ್ತದೆ.

ಟೆಕ್ಸಸ್‌ನ ಮನೆಗೆ ಹೆದರಿಕೆ ಇದ್ದದ್ದು ಬಿಸಿಲಿನದು. ಅಲ್ಲಿ ನೆಲಮಾಳಿಗೆ ಕಡಿಮೆ, ಕಾಂಕ್ರೀಟ್ ಹಾಸಿನ ಮೇಲೆ ನೇರವಾಗಿ ಗೋಡೆ ಏಳುತ್ತದೆ. ಎಷ್ಟೋ ಮನೆಗಳಲ್ಲಿ ಪೈಪುಗಳ ದಾರಿ ಅಟ್ಟದಲ್ಲಿ ಮತ್ತು ಹೊರಗೋಡೆಯಲ್ಲಿ. ಅಟ್ಟದಲ್ಲಿ ಇನ್ಸುಲೇಷನ್ ಇರುತ್ತದೆ, ಆದರೆ ಅದನ್ನು ಹಾಸಿರುವುದು ಕೆಳಗಿನ ಕೋಣೆಯ ತಂಪು ಉಳಿಸಲು. ಅದರ ಮೇಲೆ ಹಾದ ಪೈಪು ಹೊರಗಿನ ಗಾಳಿಗೆ ಬಿಟ್ಟಂತೆಯೇ. ಗಾರ್ಡನ್ ಅವರ ಅಧ್ಯಯನ ಇಂಥ ಮನೆಗಳಿಗೆ ಒಂದು ಎಚ್ಚರಿಕೆಯ ಗೆರೆ ಹಾಕಿಕೊಟ್ಟಿತು. ಹೊರಗಿನ ಉಷ್ಣಾಂಶ 20 ಫ್ಯಾರನ್‌ಹೀಟ್, ಅಂದರೆ ಮೈನಸ್ 7 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಬಂತೆಂದರೆ ಅಟ್ಟದ ಬರಿಮೈ ಪೈಪಿಗೆ ಅಪಾಯ. ನೀರು ಸೊನ್ನೆಗೆ ಇಳಿದ ಕೂಡಲೇ ಗಡ್ಡೆಯಾಗುವುದಿಲ್ಲ, ಇನ್ನೂ ಕೆಲವು ಡಿಗ್ರಿ ಕೆಳಗಿಳಿದ ಮೇಲೆ ಗಡ್ಡೆಯ ಮೊದಲ ಎಳೆಗಳು ಹುಟ್ಟುತ್ತವೆ. ಗಾಳಿ ಜೋರಾಗಿದ್ದರೆ ಈ ಲೆಕ್ಕವೂ ತಪ್ಪುತ್ತದೆ. ಕೇಬಲ್ ತೂರಿಸಲು ಕೊರೆದು ಮುಚ್ಚದೆ ಬಿಟ್ಟ ಬೆರಳಷ್ಟು ತೂತಿನಿಂದ ಶೀತಗಾಳಿ ನೇರ ಪೈಪಿಗೆ ಬಡಿದರೂ ಸಾಕು.

ಹೀಗೆ ನೋಡಿದರೆ ಯಾವ ದೇಶದ, ಯಾವ ಕಾಲದ ತಯಾರಿಯೇ ಆದರೂ ಮೂರು ದಾರಿಗಳಲ್ಲೇ ಸುತ್ತುತ್ತದೆ. ನೀರನ್ನು ಬೆಚ್ಚಗಿಡುವುದು, ಹರಿಯುತ್ತಿರಲು ಬಿಡುವುದು, ಇಲ್ಲವೇ ಪೈಪು ಖಾಲಿ ಮಾಡುವುದು. ಮೂರೂ ಕೆಲಸ ಮಾಡುತ್ತವೆ. ಆದರೆ ಒಂದೊಂದೂ ಯಾರ ಭರವಸೆಯ ಮೇಲೆ ನಿಂತಿದೆ ಎಂಬುದು ಬೇರೆ ಬೇರೆ.

ಬೆಚ್ಚಗಿಡುವುದು: ಅಕ್ಟೋಬರಿನ ಕೆಲಸ

ಚಳಿನಾಡಿನಲ್ಲಿ ಈ ಕೆಲಸಕ್ಕೆ ಕೈ ಹಾಕುವುದು ಮರಗಳ ಎಲೆ ಉದುರುವ ಹೊತ್ತಿಗೆ. ಮೊದಲು ತೋಟದ ನಲ್ಲಿಗೆ ಸಿಕ್ಕಿಸಿದ ಹೋಸ್ ಪೈಪನ್ನು ಬಿಚ್ಚಿ ಸುತ್ತಿಡಬೇಕು. ನೋಡಲು ಎಲ್ಲಕ್ಕಿಂತ ಚಿಲ್ಲರೆ ಕೆಲಸ, ಮರೆತರೆ ಭಾರಿ ದಂಡ ತೆರಿಸುವ ಕೆಲಸವೂ ಇದೇ. ಚಳಿ ತಡೆಯಲೆಂದೇ ಮಾಡಿದ ನಲ್ಲಿಯಲ್ಲೂ ಹೋಸ್ ಹಾಗೇ ಉಳಿದರೆ ನೀರು ಹೊರಗೆ ಬಸಿಯಲಾರದೆ ನಲ್ಲಿಯ ಕೊಳವೆಯಲ್ಲೇ ನಿಲ್ಲುತ್ತದೆ, ಅಲ್ಲೇ ಹೆಪ್ಪುಗಟ್ಟಿ ಗೋಡೆಯೊಳಗಿನ ಭಾಗವನ್ನು ಸೀಳುತ್ತದೆ. ಚಳಿಗಾಲವಿಡೀ ಅದು ಯಾರಿಗೂ ಗೊತ್ತಾಗುವುದಿಲ್ಲ. ವಸಂತದಲ್ಲಿ ಗಿಡಗಳಿಗೆ ನೀರು ಹಾಯಿಸಲು ನಲ್ಲಿ ತಿರುಗಿಸಿದಾಗ ನೆಲಮಾಳಿಗೆಯ ಗೋಡೆ ಒದ್ದೆಯಾಗುತ್ತದೆ. ಹಳೆಯ ಮಾದರಿಯ ನಲ್ಲಿಯಾದರೆ ಮನೆಯೊಳಗೆ ಅದಕ್ಕೊಂದು ಪ್ರತ್ಯೇಕ ವಾಲ್ವು ಇರುತ್ತದೆ. ಅದನ್ನು ಮುಚ್ಚಿ, ಹೊರಗಿನ ನಲ್ಲಿಯನ್ನು ತೆರೆದಿಟ್ಟು ನೀರು ಬಸಿಯಬೇಕು. ಹುಲ್ಲುಹಾಸಿನ ಸ್ಪ್ರಿಂಕ್ಲರ್ ಪೈಪುಗಳು ನೆಲದಲ್ಲಿ ಮೇಲಮೇಲೆಯೇ ಇರುವುದರಿಂದ ಕಂಪ್ರೆಸರ್ ತರಿಸಿ ಗಾಳಿ ಊದಿ ಅವುಗಳೊಳಗಿನ ನೀರನ್ನು ಹೊರಹಾಕಿಸುತ್ತಾರೆ.

ಆಮೇಲೆ ಪೈಪಿನ ಹೊದಿಕೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಉದ್ದಕ್ಕೆ ಸೀಳಿದ ಫೋಮ್ ಕೊಳವೆಗಳು ಅಗ್ಗಕ್ಕೇ ಸಿಗುತ್ತವೆ. ಪೈಪಿಗೆ ತೊಡಿಸಿ ಟೇಪು ಸುತ್ತಿದರಾಯಿತು. ಮೂಲೆ, ತಿರುವುಗಳಲ್ಲಿ ಸಂದು ಬಿಡಬಾರದು. ಅಟ್ಟದಲ್ಲಾದರೆ ಪೈಪಿನ ಮೇಲಿನಿಂದ ಇನ್ಸುಲೇಷನ್ ಹೊದಿಸಬೇಕು. ಪೈಪಿಗೂ ಕೆಳಗಿನ ಕೋಣೆಯ ಸೂರಿಗೂ ನಡುವೆ ತುರುಕಬಾರದು. ಕೋಣೆಯ ಶಾಖ ಅಷ್ಟಿಷ್ಟು ಪೈಪಿಗೆ ತಲುಪಲಿ ಎಂಬುದೇ ಇಲ್ಲಿನ ಉಪಾಯ. ಹೊರಗೋಡೆಗೆ ಅಂಟಿಕೊಂಡ ಸಿಂಕಿನ ಕೆಳಗಿನ ಕಪಾಟಿನ ಬಾಗಿಲುಗಳನ್ನು ಕಡು ಚಳಿಯ ರಾತ್ರಿಗಳಲ್ಲಿ ತೆರೆದಿಡುವುದೂ ಇದಕ್ಕೇ. ಗ್ಯಾರೇಜಿನಲ್ಲಿ ಪೈಪು ಹಾದಿದ್ದರೆ ಅದರ ಬಾಗಿಲು ಮುಚ್ಚಿರಬೇಕು. ಗೋಡೆಯ ತೂತುಗಳಿಗೆ ಸೀಲಂಟ್ ತುಂಬಬೇಕು. ಹೊದಿಕೆಯಿಂದಲೂ ಆಗದ ಜಾಗಕ್ಕೆ ಥರ್ಮೋಸ್ಟ್ಯಾಟ್ ಇರುವ ಬಿಸಿ ಕೇಬಲ್ ಸುತ್ತುತ್ತಾರೆ. ಅದನ್ನು ಒಂದರ ಮೇಲೊಂದು ಬರುವಂತೆ ಸುತ್ತಿದರೆ ಬೆಂಕಿ ಹತ್ತುವ ಭಯ ಇರುವುದರಿಂದ ತಯಾರಕರ ಸೂಚನೆಯಂತೆಯೇ ಸುತ್ತಬೇಕು.

ಹೊದಿಕೆ ತಾನಾಗಿ ಶಾಖ ಹುಟ್ಟಿಸುವುದಿಲ್ಲ, ಇರುವ ಶಾಖ ಸೋರಿಹೋಗುವುದನ್ನು ನಿಧಾನಿಸುತ್ತದೆ, ಅಷ್ಟೆ. ಒಂದು ರಾತ್ರಿಯ ಚಳಿಗೆ ಅದು ಸಾಕಾಗುತ್ತದೆ. ನಾಲ್ಕೈದು ದಿನ ಬಿಡದೆ ಹಿಡಿದ ಚಳಿಯಲ್ಲಿ ಮನೆಯೊಳಗೆ ಹೀಟರ್ ಓಡುತ್ತಿರಲೇಬೇಕು. ಟೆಕ್ಸಸ್‌ನವರು ಪೆಟ್ಟು ತಿಂದದ್ದು ಇಲ್ಲೇ. ಕರೆಂಟ್ ಹೋಯಿತು, ಗ್ಯಾಸಿನಿಂದ ಉರಿಯುವ ಫರ್ನೇಸಿಗೂ ಗಾಳಿ ಊದುವ ಮೋಟಾರು ತಿರುಗಲು ಕರೆಂಟೇ ಬೇಕು. ಎಷ್ಟೋ ಮನೆಗಳಲ್ಲಿ ಟ್ಯಾಂಕಿಲ್ಲದ ಗ್ಯಾಸ್ ಗೀಸರನ್ನು ಹೊರಗೋಡೆಗೆ ನೇತುಹಾಕಿದ್ದರು. ಚಳಿಯಿಂದ ಅದನ್ನು ಕಾಯುವ ಪುಟ್ಟ ಹೀಟರು ಅದರೊಳಗೇ ಇರುತ್ತದೆ, ಅದೂ ಕರೆಂಟಿನದೇ. ಇಡೀ ರಾಜ್ಯದ ವಿದ್ಯುತ್ ಜಾಲ ಪೂರ್ತಿ ಕುಸಿಯಲು 4 ನಿಮಿಷ 37 ಸೆಕೆಂಡು ಮಾತ್ರ ಬಾಕಿ ಇತ್ತೆಂದು ಜಾಲ ನಡೆಸುವ ಸಂಸ್ಥೆಯೇ ಆಮೇಲೆ ಹೇಳಿತು. ಬೆಚ್ಚಗಿಡುವ ದಾರಿ ವಿದ್ಯುತ್ ಕಂಪನಿಯ ಭರವಸೆಯ ಮೇಲೆ ನಿಂತಿದೆ.

ಹರಿಯಲು ಬಿಡುವುದು: ಹನಿಯುವ ನಲ್ಲಿ

ಚಳಿಯ ಎಚ್ಚರಿಕೆ ಬಂದ ರಾತ್ರಿ ನಲ್ಲಿಯನ್ನು ಸಣ್ಣಗೆ ಹನಿಯಲು ಬಿಡಿ ಎಂಬುದು ಅಮೆರಿಕದಲ್ಲಿ ಎಲ್ಲರಿಗೂ ಗೊತ್ತಿರುವ ಸಲಹೆ. ನಮ್ಮವರಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಇದೇ. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಯಲ್ಲಿ ಕೊಡ ತುಂಬಿಟ್ಟು ಸಂಸಾರ ಮಾಡಿದವರು, ಮಗನ ಮನೆಗೆಂದು ಬಂದ ಚಳಿಗಾಲದಲ್ಲಿ ರಾತ್ರಿ ಎದ್ದು, "ಯಾಕೋ, ನಲ್ಲಿ ಸರಿಯಾಗಿ ನಿಲ್ಲಿಸೋದಲ್ವಾ?" ಎಂದು ಬಿಗಿಯಾಗಿ ತಿರುಗಿಸಿ ಮಲಗುವುದು ಸಹಜವೇ. ಹನಿಯುವ ನಲ್ಲಿ ಕಂಡರೆ ಕೈ ತಾನೇ ಅತ್ತ ಹೋಗುವಂತೆ ಬೆಳೆದವರು ನಾವು. ಅಪ್ಪ ಅಮ್ಮ ಬಂದಿರುವಾಗ ಈ ಒಂದು ಮಾತನ್ನು ಮೊದಲೇ ತಿಳಿಸಿ ಹೇಳುವುದು ಪೈಪಿಗೂ ಒಳ್ಳೆಯದು, ಮನೆಯ ನೆಮ್ಮದಿಗೂ ಒಳ್ಳೆಯದು.

ಹನಿಯುವುದರಿಂದ ಆಗುವ ಲಾಭ ಎರಡು. ಬೀದಿಯ ಆಳದಿಂದ ಬರುವ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಒಂದಿಷ್ಟು ಬೆಚ್ಚಗೇ ಇರುತ್ತದೆ. ಅದು ನಿಧಾನವಾಗಿ ಸರಿಯುತ್ತಿದ್ದರೆ ಆ ಶಾಖ ಪೈಪಿನ ಉದ್ದಕ್ಕೂ ಹರಡುತ್ತದೆ. ಎರಡನೆಯ ಲಾಭ ಇನ್ನೂ ದೊಡ್ಡದು: ಒಂದು ವೇಳೆ ಗಡ್ಡೆ ಕಟ್ಟಿದರೂ ನಲ್ಲಿಯ ಕಡೆ ಸಿಕ್ಕಿಕೊಂಡ ನೀರಿಗೆ ಹೊರಹೋಗುವ ದಾರಿ ಸಿಕ್ಕಿತು, ಒತ್ತಡ ಏರಲಿಲ್ಲ, ಪೈಪು ಉಳಿಯಿತು. ಹನಿ ನಿಂತುಹೋದರೂ ನಲ್ಲಿಯನ್ನು ಮುಚ್ಚಬಾರದು ಎನ್ನುವುದು ಇದೇ ಕಾರಣಕ್ಕೆ. ಎಲ್ಲ ನಲ್ಲಿಗಳನ್ನೂ ಬಿಡಬೇಕಾಗಿಲ್ಲ. ಹೊರಗೋಡೆಯಲ್ಲಿ, ಅಟ್ಟದಲ್ಲಿ ಹಾದುಬರುವ ಪೈಪಿನ ನಲ್ಲಿ, ಮೇನ್ ವಾಲ್ವಿನಿಂದ ತೀರಾ ದೂರದಲ್ಲಿರುವ ನಲ್ಲಿ, ಇಷ್ಟು ಸಾಕು. ತಣ್ಣೀರು, ಬಿಸಿನೀರು ಎರಡನ್ನೂ ಬಿಡಬೇಕು, ಎರಡರ ಪೈಪೂ ಬೇರೆ ಬೇರೆ. ಹನಿದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಬೆಳಗ್ಗೆ ಬಳಸಿದರೆ ಪೋಲು ಮಾಡಿದ ಪಾಪವೂ ಇಲ್ಲ.

ಆದರೆ ಒಂದು ಮನೆಗೆ ಒಳ್ಳೆಯದಾದದ್ದು ಇಡೀ ಊರಿಗೆ ಒಳ್ಳೆಯದಾಗಲೇಬೇಕೆಂದಿಲ್ಲ. 2021ರಲ್ಲಿ ಒಂದು ಕಡೆ ಲಕ್ಷಾಂತರ ನಲ್ಲಿಗಳು ಒಟ್ಟಿಗೆ ಹನಿಯುತ್ತಿದ್ದವು, ಇನ್ನೊಂದು ಕಡೆ ಒಡೆದ ಪೈಪುಗಳು ಸೋರುತ್ತಿದ್ದವು, ಮತ್ತೊಂದು ಕಡೆ ಕರೆಂಟಿಲ್ಲದೆ ಪಂಪುಗಳು ನಿಂತಿದ್ದವು. ನಗರಗಳ ನೀರಿನ ಒತ್ತಡವೇ ಬಿದ್ದುಹೋಯಿತು. ಒತ್ತಡ ತೀರಾ ತಗ್ಗಿದೆ, ಪೈಪು ಉಳಿಸಲೆಂದು ನಲ್ಲಿ ಬಿಡಬೇಡಿ ಎಂದು ಹ್ಯೂಸ್ಟನ್‌ನ ಆಗಿನ ಮೇಯರ್ ಸಿಲ್ವೆಸ್ಟರ್ ಟರ್ನರ್ ಜನರಲ್ಲಿ ಕೇಳಿಕೊಳ್ಳಬೇಕಾಯಿತು. ಆಸ್ಟಿನ್‌ನ ಅತಿ ದೊಡ್ಡ ನೀರು ಶುದ್ಧೀಕರಣ ಘಟಕಕ್ಕೇ ಕರೆಂಟ್ ತಪ್ಪಿ, ಫೆಬ್ರುವರಿ 17ರಂದು ಊರಿಗೆ ಊರೇ ನೀರು ಕುದಿಸಿ ಕುಡಿಯಬೇಕೆಂಬ ಸೂಚನೆ ಹೊರಟಿತು. ಹರಿಯಲು ಬಿಡುವ ದಾರಿ ನಗರದ ನೀರು ಸರಬರಾಜಿನ ಭರವಸೆಯ ಮೇಲೆ ನಿಂತಿದೆ.

ಖಾಲಿ ಮಾಡುವುದು: ಕೈಗೆಟಕುವ ದಾರಿ

ನೀರೇ ಇಲ್ಲದ ಪೈಪು ಎಂಥ ಚಳಿಗೂ ಒಡೆಯುವುದಿಲ್ಲ. ಇದಕ್ಕೆ ಕರೆಂಟ್ ಬೇಡ, ಬೀದಿಯ ನೀರಿನ ಒತ್ತಡವೂ ಬೇಡ. ಮೇನ್ ವಾಲ್ವು ಎಲ್ಲಿದೆ ಎಂದು ಗೊತ್ತಿರಬೇಕು, ಅದು ತಿರುಗಬೇಕು. ಎರಡೇ ಷರತ್ತು. ಇವೆರಡರಲ್ಲೇ ಬಹಳ ಮಂದಿ ನಪಾಸಾಗುತ್ತಾರೆ. ನೆಲಮಾಳಿಗೆ ಇದ್ದರೆ ವಾಲ್ವು ಸಾಮಾನ್ಯವಾಗಿ ಬೀದಿ ಕಡೆಯ ಗೋಡೆಯ ಬಳಿ ಇರುತ್ತದೆ. ಟೆಕ್ಸಸ್‌ನಂಥ ಕಡೆ ರಸ್ತೆಯಂಚಿನ ನೆಲದಲ್ಲಿ, ಮುಚ್ಚಳ ಹಾಕಿದ ಮೀಟರಿನ ಪೆಟ್ಟಿಗೆಯಲ್ಲಿರುತ್ತದೆ. ಅದನ್ನು ತಿರುಗಿಸಲು 'ಟಿ' ಆಕಾರದ ಕಬ್ಬಿಣದ ಕೀಲಿ ಬೇಕು. ಆ ಕೀಲಿಯನ್ನು ಕೊಳ್ಳಬೇಕಾದದ್ದು ಹಾರ್ಡ್‌ವೇರ್ ಅಂಗಡಿಯಲ್ಲಿ ಅದು ಸಿಗುವ ದಿನಗಳಲ್ಲಿ. ಬಿರುಗಾಳಿಯ ಮುನ್ಸೂಚನೆ ಬಂದ ಸಂಜೆ ಅಂಗಡಿಯ ಕಪಾಟು ಖಾಲಿ ಹೊಡೆಯುತ್ತಿರುತ್ತದೆ. ವರ್ಷಗಟ್ಟಲೆ ಮುಟ್ಟದ ಗೇಟ್ ವಾಲ್ವು ತುಕ್ಕು ಹಿಡಿದು ಕೂತಿರುವುದೂ ಉಂಟು. ಒಂದು ಸಲ ಮುಚ್ಚಿ ತೆರೆದು ನೋಡಿ, ಬಿಗಿಯಾಗಿದ್ದರೆ ಪ್ಲಂಬರನ್ನು ಕರೆದು ಬದಲಾಯಿಸಿ, ಅದಕ್ಕೊಂದು ಚೀಟಿ ಕಟ್ಟಿ, ಮನೆಯ ದೊಡ್ಡ ಮಕ್ಕಳಿಗೂ ತೋರಿಸಿಟ್ಟರೆ ತಯಾರಿ ಅರ್ಧ ಮುಗಿದಂತೆ.

ಖಾಲಿ ಮಾಡುವ ಕ್ರಮ ಸುಲಭ. ಮೊದಲು ನೀರು ಕಾಯಿಸುವ ಟ್ಯಾಂಕಿನ ಕರೆಂಟನ್ನೋ ಗ್ಯಾಸನ್ನೋ ನಿಲ್ಲಿಸಬೇಕು. ನೀರಿಲ್ಲದೆ ಕಾದರೆ ಒಳಗಿನ ಕಾಯಿಲ್ ಸುಟ್ಟುಹೋಗುತ್ತದೆ. ಮೇನ್ ವಾಲ್ವು ಮುಚ್ಚಬೇಕು. ಮೇಲಿನ ಮಹಡಿಯ ನಲ್ಲಿಗಳನ್ನು ತೆರೆದರೆ ಅಲ್ಲಿಂದ ಗಾಳಿ ಒಳಬರುತ್ತದೆ, ತೀರಾ ಕೆಳಗಿನ ನಲ್ಲಿ ತೆರೆದರೆ ಅಲ್ಲಿಂದ ನೀರು ಇಳಿಯುತ್ತದೆ. ಕಮೋಡನ್ನು ಫ್ಲಶ್ ಮಾಡಿ ಅದರ ಟ್ಯಾಂಕನ್ನೂ ಬರಿದು ಮಾಡಬೇಕು. ಸಿಂಕಿನ ಕೆಳಗಿನ ಬಾಗಿದ ಕೊಳವೆಯಲ್ಲಿ ಮಾತ್ರ ಒಂದಿಷ್ಟು ನೀರು ಉಳಿಯುತ್ತದೆ. ಒಳಚರಂಡಿಯ ವಾಸನೆ ಮನೆಗೆ ಬರದಂತೆ ತಡೆಯುವುದು ಆ ನೀರೇ. ಬಹಳ ದಿನ ಮನೆ ಖಾಲಿ ಇರುವುದಾದರೆ ಅದಕ್ಕೆ ಪ್ರೊಪಿಲೀನ್ ಗ್ಲೈಕಾಲ್ ಇರುವ ಗುಲಾಬಿ ಬಣ್ಣದ ಆ್ಯಂಟಿಫ್ರೀಜ್ ಸುರಿಯುತ್ತಾರೆ. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಅದನ್ನು ಎಂದೂ ಸುರಿಯಬಾರದು.

ಇದು ನಮ್ಮವರಿಗೆ ಹೆಚ್ಚು ಅನ್ವಯಿಸುವುದು ಡಿಸೆಂಬರಿನಲ್ಲಿ. ಮಕ್ಕಳ ಶಾಲೆಗೆ ರಜೆ, ಊರಲ್ಲಿ ಮದುವೆ ಮುಂಜಿಗಳ ಸಾಲು. ಮೂರು ನಾಲ್ಕು ವಾರ ಮನೆಗೆ ಬೀಗ ಹಾಕಿ ಭಾರತಕ್ಕೆ ಹೊರಡುವ ಹೊತ್ತಿಗೇ ಅಲ್ಲಿ ಚಳಿ ಏರುತ್ತಿರುತ್ತದೆ. ಕರೆಂಟ್ ಉಳಿಸಲೆಂದು ಹೀಟರನ್ನು ಪೂರ್ತಿ ನಿಲ್ಲಿಸಿ ಹೋಗುವುದು ದೊಡ್ಡ ತಪ್ಪು. 55 ಫ್ಯಾರನ್‌ಹೀಟ್, ಅಂದರೆ ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಥರ್ಮೋಸ್ಟ್ಯಾಟ್ ಇಳಿಸಬಾರದು ಎಂಬುದು ಎಲ್ಲೆಡೆ ಹೇಳುವ ಮಾತು. ಬೀಗ ಹಾಕಿದ ಮನೆಯಲ್ಲಿ ಶಾಖ ಉಳಿಸಿರಲಿಲ್ಲ, ನೀರನ್ನೂ ನಿಲ್ಲಿಸಿರಲಿಲ್ಲ ಎಂದಾದರೆ ಪೈಪು ಒಡೆದ ನಷ್ಟ ಕೊಡಲು ವಿಮಾ ಕಂಪನಿ ತಕರಾರು ತೆಗೆಯುತ್ತದೆ. ಪಾಲಿಸಿಯ ಆ ಸಾಲನ್ನು ಹೊರಡುವ ಮುನ್ನ ಓದಿಕೊಳ್ಳಬೇಕು. ಹೀಟರಿನ ಜೊತೆಗೆ ಮೇನ್ ವಾಲ್ವನ್ನೂ ಮುಚ್ಚಿ ಹೋದರೆ ಏನೇ ಕೆಟ್ಟರೂ ಸೋರುವುದು ಪೈಪಿನಲ್ಲಿ ಉಳಿದ ಅಲ್ಪ ನೀರು ಮಾತ್ರ. ತೆರೆದಿಟ್ಟು ಹೋಗಿ ಪೈಪು ಒಡೆದರೆ ಯಾರಾದರೂ ಬಂದು ನೋಡುವವರೆಗೂ ಸೋರುತ್ತಲೇ ಇರುತ್ತದೆ. ನೆರೆಮನೆಯವರಿಗೆ ಒಂದು ಕೀಲಿ ಕೊಟ್ಟು ಹೋಗುವುದು ಹಳೆಯ ಕಾಲದ ರೂಢಿಯಾದರೂ ಇದಕ್ಕಿಂತ ಒಳ್ಳೆಯ ಅಲಾರಂ ಇಲ್ಲ.

ಈ ಮೂರನೆಯ ದಾರಿಯನ್ನು ಮನೆಯ ರಚನೆಯಲ್ಲೇ ಸೇರಿಸಿಬಿಟ್ಟವರು ಜಪಾನಿನ ಹೊಕ್ಕೈಡೋ ದ್ವೀಪದವರು. ಅಲ್ಲಿನ ಮನೆಗಳ ನೀರಿನ ಪೈಪಿಗೆ ಒಂದು ವಿಶೇಷ ವಾಲ್ವು ಇರುತ್ತದೆ. ಅದರ ಹಿಡಿಕೆ ಕೈಗೆಟಕುವಂತೆ ಮೇಲಿದ್ದರೂ ಬಾಯಿ ಇರುವುದು ನೆಲ ಹೆಪ್ಪುಗಟ್ಟದ ಆಳದಲ್ಲಿ. ಸಪ್ಪೋರೊ ನಗರದಲ್ಲಿ ಹೆಪ್ಪುಗಟ್ಟುವ ಆಳ 60 ಸೆಂಟಿಮೀಟರ್ ಎಂದು ಲೆಕ್ಕ. ವಾಲ್ವು ಮುಚ್ಚಿದರೆ ಬೀದಿಯ ನೀರು ನಿಲ್ಲುವುದರ ಜೊತೆಗೆ ಅದರಿಂದ ಮೇಲಿನ ಪೈಪುಗಳಲ್ಲಿರುವ ನೀರೆಲ್ಲ ತಾನಾಗಿ ನೆಲದೊಳಕ್ಕೆ ಬಸಿದುಹೋಗುತ್ತದೆ. ಮನೆಯ ನಲ್ಲಿಗಳನ್ನು ತೆರೆದು ಗಾಳಿ ಬಿಟ್ಟರಾಯಿತು. ಉಷ್ಣಾಂಶ ಮೈನಸ್ 4 ಡಿಗ್ರಿಗಿಂತ ಕೆಳಗಿಳಿಯುವ ರಾತ್ರಿ, ಹಗಲಿಡೀ ಸೊನ್ನೆ ದಾಟದ ದಿನ, ಮನೆ ಬಿಟ್ಟು ಪರವೂರಿಗೆ ಹೊರಟಾಗ ಹೀಗೆ ನೀರು ಇಳಿಸುವುದು ಅಲ್ಲಿ ವಾಡಿಕೆ. ಹೊಸ ಮನೆಗಳಲ್ಲಿ ಅಡುಗೆಮನೆಯ ಗೋಡೆಯ ಮೇಲಿನ ಗುಂಡಿ ಒತ್ತಿದರೆ ಸಾಕು, ಇದೇ ಕೆಲಸ ಆಗುತ್ತದೆ.

ನಮ್ಮದೇ ದೇಶದ ಲಡಾಖಿಗರು ಇನ್ನೂ ಹಿಂದಕ್ಕೆ ಹೋಗಿ, ಪೈಪೇ ಬೇಡದಂತೆ ಬದುಕು ಕಟ್ಟಿಕೊಂಡಿದ್ದರು. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಚಳಿಗಾಲದ ರಾತ್ರಿ ಮೈನಸ್ 20 ಡಿಗ್ರಿಗೂ ಇಳಿಯುತ್ತದೆ. ಅಲ್ಲಿನ ಸಾಂಪ್ರದಾಯಿಕ ಮನೆಯ ಶೌಚಾಲಯಕ್ಕೆ ನೀರೇ ಬೇಡ. ಮಣ್ಣು, ಬೂದಿ ಎಳೆದರಾಯಿತು, ವರ್ಷ ಕಳೆದರೆ ಹೊಲಕ್ಕೆ ಗೊಬ್ಬರ. ಪ್ರವಾಸಿಗರಿಗೆಂದು ಫ್ಲಶ್ ಹಾಕಿಸಿದ ಎಷ್ಟೋ ಗೆಸ್ಟ್‌ಹೌಸುಗಳು ಚಳಿಗಾಲದಲ್ಲಿ ಪೈಪು ಬರಿದು ಮಾಡಿ, ಬಕೆಟ್ ನೀರು ಕೊಡುತ್ತವೆ ಇಲ್ಲವೇ ಬಾಗಿಲನ್ನೇ ಹಾಕುತ್ತವೆ. 2019ರಲ್ಲಿ ಶುರುವಾದ ಜಲಜೀವನ ಮಿಷನ್ ಅಡಿ ಲಡಾಖಿನ ಮನೆಗಳಿಗೆ ನಲ್ಲಿ ಹಾಕುವಾಗ ಎಂಜಿನಿಯರುಗಳು ಮೊದಲು ಎದುರಿಸಬೇಕಾದದ್ದೂ ಹೆಪ್ಪುಗಟ್ಟುವ ನೆಲವನ್ನೇ. ಪೈಪನ್ನು ಆ ಆಳಕ್ಕಿಂತ ಕೆಳಗೆ ಹೂಳದಿದ್ದರೆ ನಲ್ಲಿ ಬೇಸಿಗೆಗಷ್ಟೇ. ಅಲ್ಲಿ ಎಂಜಿನಿಯರ್ ಸೋನಮ್ ವಾಂಗ್ಚುಕ್ ಕಟ್ಟಿಸುತ್ತಾ ಬಂದ ಮಂಜಿನ ಸ್ತೂಪಗಳನ್ನು ಇದೇ ಕಣ್ಣಿಂದ ನೋಡಬಹುದು. ಎತ್ತರದ ತೊರೆಯಿಂದ ಹೂತ ಪೈಪಿನಲ್ಲಿ ಇಳಿದುಬಂದ ನೀರು ಕಾರಂಜಿಯಾಗಿ ಚಿಮ್ಮಿ, ಗಾಳಿಯಲ್ಲಿ ಹೆಪ್ಪುಗಟ್ಟಿ ಶಂಕುವಿನಾಕಾರದ ಗುಡ್ಡವಾಗುತ್ತದೆ. ವಸಂತದಲ್ಲಿ ಕರಗಿ ಹೊಲಕ್ಕೆ ಹರಿಯುತ್ತದೆ. ಪೈಪಿನ ಹೊರಗೆ ಹೆಪ್ಪುಗಟ್ಟಬೇಕು, ಒಳಗೆ ಹೆಪ್ಪುಗಟ್ಟಬಾರದು. ಹರಿವು ನಿಂತರೆ ಪೈಪೇ ಗಡ್ಡೆಯಾಗುತ್ತದೆ. ಆದ್ದರಿಂದ ನಡುರಾತ್ರಿಯ ಚಳಿಯಲ್ಲೂ ಪೈಪಿನ ಮೇಲೆ ಕಣ್ಣಿಟ್ಟಿರಬೇಕು.

ಕಾನೂನು ಅಟ್ಟದವರೆಗೆ ಬರುವುದಿಲ್ಲ

2021ರ ದುರಂತದ ನಂತರ ಟೆಕ್ಸಸ್ ಶಾಸನಸಭೆ ಕಾನೂನು ತಂದು, ವಿದ್ಯುತ್ ಸ್ಥಾವರಗಳು ಚಳಿಗೆ ಸಜ್ಜಾಗಿರಬೇಕೆಂದು ಕಡ್ಡಾಯ ಮಾಡಿತು. ಒಳ್ಳೆಯದೇ. ಆದರೆ ಈಗಾಗಲೇ ನಿಂತಿರುವ ಮನೆಯ ಅಟ್ಟದ ಪೈಪಿಗೆ ಅದು ಅನ್ವಯಿಸುವುದಿಲ್ಲ. ಪೈಪಿನ ದಾರಿ ಬದಲಾಯಿಸಬೇಕೆಂದರೆ ಗೋಡೆ ಒಡೆಯಬೇಕು, ದುಡ್ಡು ಸುರಿಯಬೇಕು. ಅವಸರದ ರಿಪೇರಿಯಲ್ಲಿ ಒಡೆದ ತುಂಡನ್ನು ಕತ್ತರಿಸಿ ಅದೇ ಜಾಗಕ್ಕೆ ಹೊಸ ತುಂಡು ಕೂರಿಸುವುದೇ ನಡೆಯುವಂಥದ್ದು. ಹೊಸ ತುಂಡಿಗೂ ಅದೇ ಅಟ್ಟ, ಅದೇ ಗಾಳಿ.

ಹಾಗಾಗಿ ಲೆಕ್ಕಾಚಾರ ಮನೆಯವರ ಕೈಗೇ ಬರುತ್ತದೆ. ಮೈನಸ್ 20 ಡಿಗ್ರಿಯನ್ನು ಪ್ರತಿ ವರ್ಷ ಕಾಣುವ ಊರಿನಲ್ಲಿ ಮನೆಯೇ ಎಲ್ಲವನ್ನೂ ನೋಡಿಕೊಳ್ಳುತ್ತದೆ. ಅಲ್ಲಿ ವಾಸಿಸುವವನು ಹೋಸ್ ಬಿಚ್ಚಿದರೆ ಮುಗಿಯಿತು. ಅಂಥ ಚಳಿ ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಬರುವ ಊರಿನಲ್ಲಿ ಮನೆಗೆ ಏನೂ ಗೊತ್ತಿರುವುದಿಲ್ಲ, ವಾಸಿಸುವವನಿಗೆ ಗೊತ್ತಿರಬೇಕು. ಚಳಿ ಕಡಿಮೆ ಇರುವ ಕಡೆಯೇ ಹೆಚ್ಚು ಕಲಿಯಬೇಕಾಗಿರುವುದು ವಿಪರ್ಯಾಸವಾದರೂ ನಿಜ. ಹೊದಿಕೆ ಹಾಕಿ, ನಲ್ಲಿ ಹನಿಯಲು ಬಿಡಿ, ಎರಡೂ ಬೇಕು. ಆದರೆ ಕರೆಂಟೂ ಹೋಗಿ ನೀರಿನ ಒತ್ತಡವೂ ಬಿದ್ದ ರಾತ್ರಿಗೆ ಉಳಿಯುವುದು ಮೂರನೆಯದು ಮಾತ್ರ. ಹೊಸ ಮನೆ ಕೊಂಡವರು ಗೃಹಪ್ರವೇಶದ ದಿನ ಹಾಲು ಉಕ್ಕಿಸುವ ಒಲೆ ಯಾವ ದಿಕ್ಕಿಗಿರಬೇಕು ಎಂದು ಪುರೋಹಿತರನ್ನು ಕೇಳುತ್ತಾರೆ. ಮೇನ್ ವಾಲ್ವು ಯಾವ ದಿಕ್ಕಿಗಿದೆ ಎಂದು ಮನೆ ಮಾರಿದವರನ್ನೂ ಅದೇ ದಿನ ಕೇಳಿಬಿಡಿ.

ಪೈಪು ಹೆಪ್ಪುಗಟ್ಟಿದ ಮೇಲೆ

• ನಲ್ಲಿ ತಿರುಗಿಸಿದರೂ ನೀರು ಬರದಿದ್ದರೆ, ಇಲ್ಲವೇ ಸಣ್ಣ ಎಳೆಯಾಗಿ ಬಂದರೆ ಗಡ್ಡೆ ಕಟ್ಟಿದೆ ಎಂದು ತಿಳಿಯಿರಿ. ನಲ್ಲಿಯನ್ನು ಮುಚ್ಚಬೇಡಿ.

• ಮೇನ್ ವಾಲ್ವಿನ ಬಳಿ ಒಬ್ಬರು ನಿಂತಿರಲಿ. ಪೈಪು ಎಲ್ಲಾದರೂ ಒಡೆದಿದ್ದರೆ ಗಡ್ಡೆ ಕರಗಿದ ಕೂಡಲೇ ನೀರು ನುಗ್ಗುತ್ತದೆ. ಅನುಮಾನವಿದ್ದರೆ ಮೊದಲೇ ಮುಚ್ಚಿಬಿಡಿ.

• ಶಾಖ ಕೊಡುವಾಗ ನಲ್ಲಿಯ ಕಡೆಯಿಂದ ಶುರು ಮಾಡಿ ಗಡ್ಡೆಯ ಕಡೆಗೆ ಹೋಗಿ. ಕರಗಿದ ನೀರು ಹೊರಬರಲು ದಾರಿ ಇರಬೇಕು.

• ಹೇರ್ ಡ್ರೈಯರ್, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ಲು ಸಾಕು. ನಿಂತ ನೀರಿನಲ್ಲಿ ಕಾಲಿಟ್ಟು ವಿದ್ಯುತ್ ಉಪಕರಣ ಹಿಡಿಯಬೇಡಿ.

• ಬ್ಲೋ ಟಾರ್ಚ್, ಮೇಣದಬತ್ತಿ, ಯಾವುದೇ ಬೆಂಕಿಯ ಜ್ವಾಲೆ ಬೇಡ. ಗೋಡೆಯೊಳಗಿನ ಮರಕ್ಕೆ ಬೆಂಕಿ ಹತ್ತುತ್ತದೆ.

• ಮನೆ ಬೆಚ್ಚಗಾಗಲೆಂದು ಇದ್ದಿಲ ಒಲೆ, ಬಾರ್ಬೆಕ್ಯೂ, ಜನರೇಟರನ್ನು ಒಳಗೆ ಹಚ್ಚಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. 2021ರಲ್ಲಿ ಅದೂ ಜನರ ಜೀವ ತೆಗೆದಿದೆ.

• ನೀರು ಮೊದಲಿನಂತೆ ಬಂದ ಮೇಲೂ ಸೂರು, ಗೋಡೆಗಳಲ್ಲಿ ಒದ್ದೆ ಕಲೆ ಏಳುತ್ತಿದೆಯೇ ಎಂದು ಒಂದೆರಡು ದಿನ ನೋಡುತ್ತಿರಿ.